ಲ್ಯಾಮಿಂಗ್ಟನ್ ರಸ್ತೆಯ ಸೇಬು

ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಪೂರ್ವಕ್ಕೆ ಇಳಿದು ಕೆಲವು ನಿಮಿಷ ನಡೆದರೆ ಸಿಗುವ ಬೀದಿಯ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಜನರ ಬಾಯಲ್ಲಿ ಉಳಿದಿರುವುದು ಮಾತ್ರ 1903ರಿಂದ 1907ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲ್ಯಾಮಿಂಗ್ಟನ್ ಪ್ರಭುವಿನ ಹೆಸರು. ಒಂದು ಕಾಲಕ್ಕೆ ಇದು ಮಿನರ್ವಾ, ನಾಜ್ ಮುಂತಾದ ಚಿತ್ರಮಂದಿರಗಳ ಬೀದಿ, ಆಮೇಲೆ ರೇಡಿಯೊ ಬಿಡಿಭಾಗಗಳದು, ಕೊನೆಗೆ ಕಂಪ್ಯೂಟರಿನದು. ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ, ಕ್ಯಾಬಿನೆಟ್ ಎದುರು ಸಾಲಿನಲ್ಲಿ, ರ‍್ಯಾಮ್ ಮೂರನೆಯ ಕಡೆ ಕೊಂಡು, ಲೋಕಲ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಉಪನಗರಕ್ಕೆ ಮರಳಿದವರು ನಮ್ಮವರಲ್ಲೂ ಅನೇಕರಿದ್ದಾರೆ. ನಾನೂ ಅವರಲ್ಲೊಬ್ಬ.

ಕಂಪ್ಯೂಟರನ್ನು ತಾವೇ ಕಟ್ಟಿಕೊಳ್ಳುವುದು ಈ ನಗರಕ್ಕೆ ಹೊಸತಲ್ಲ. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅದೇ ವರ್ಷ ಮುಂಬಯಿಗೆ ಬಂದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ 1956ರಲ್ಲಿ ಒಂದು ಪ್ರಾಯೋಗಿಕ ಯಂತ್ರವನ್ನೂ 1960ರಲ್ಲಿ ಪೂರ್ಣ ಯಂತ್ರವನ್ನೂ ಸಿದ್ಧಪಡಿಸಿತು. ಸುಮಾರು 2,700 ನಿರ್ವಾತ ಕೊಳವೆಗಳಿದ್ದ ಆ ಯಂತ್ರದ ಸ್ಮೃತಿಯಲ್ಲಿ ಹಿಡಿಸುತ್ತಿದ್ದುದು 2,048 ಪದಗಳು. 1962ರಲ್ಲಿ ನೆಹರೂ ಅದಕ್ಕೆ 'ಟಿಫ್ರ್ಯಾಕ್' ಎಂದು ಹೆಸರಿಟ್ಟರು. ಮುಂದೆ ಇದೇ ಸಂಸ್ಥೆಯಲ್ಲಿ ದುಡಿದವರು ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್. ನಾವು ಇಂದು ಬಳಸುವ ಕನ್ನಡ ಕೀಲಿಮಣೆಯ ಮೂಲ ವಿನ್ಯಾಸ ಅವರದು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'.

ಟಿಫ್ರ್ಯಾಕ್ ಕಟ್ಟಿದವರಿಗೆ ಅನುಮತಿ ಕೇಳಬೇಕಾದ ಕಂಪನಿಯೊಂದಿರಲಿಲ್ಲ. ಲ್ಯಾಮಿಂಗ್ಟನ್ ರಸ್ತೆಯ ಗಿರಾಕಿಗೆ ಆ ಭಾಗ್ಯವಿರಲಿಲ್ಲ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಬಿಡಿಭಾಗಗಳ ಸುಂಕ ಇಳಿಯುತ್ತ 2005ರ ಹೊತ್ತಿಗೆ ಬಹುಮಟ್ಟಿಗೆ ಇಲ್ಲವಾಯಿತು. ಅದೇ 2005ರ ಜೂನಿನಲ್ಲಿ ಸ್ಟೀವ್ ಜಾಬ್ಸ್, ಮ್ಯಾಕ್ ಇನ್ನು ಮುಂದೆ ಇಂಟೆಲ್ ಚಿಪ್ಪಿನ ಮೇಲೆ ಓಡುತ್ತದೆ ಎಂದು ಸಾರಿದರು. ಹಾಗಾದರೆ ನಮ್ಮ ಪೆಟ್ಟಿಗೆಗೂ ಆ ಯಂತ್ರಕ್ಕೂ ಉಳಿದ ಅಂತರವೆಷ್ಟು? ಈ ಪ್ರಶ್ನೆಯಿಂದ ಹುಟ್ಟಿದ್ದು 'ಹ್ಯಾಕಿಂತಾಷ್'.

ಅಂತರವಿದ್ದದ್ದು ಒಂದು ಸಣ್ಣ ಚಿಪ್ಪಿನಲ್ಲಿ. ನಿಜವಾದ ಮ್ಯಾಕ್‌ನ ಒಡಲಲ್ಲಿ ಎಸ್.ಎಂ.ಸಿ. ಎಂಬ ನಿಯಂತ್ರಕವಿರುತ್ತದೆ, ಅದರಲ್ಲಿ ಅಡಗಿದ ಕೀಲಿ ದೊರೆತರೆ ಮಾತ್ರ ವ್ಯವಸ್ಥೆಯ ಕೆಲವು ಮುಖ್ಯ ಭಾಗಗಳು ತೆರೆದುಕೊಳ್ಳುತ್ತವೆ. ಈ ಕಾವಲಿನ ಕಡತಕ್ಕೆ ಆಪಲ್ ಇಟ್ಟ ಹೆಸರೇ 'ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್', ಅಂದರೆ 'ಕದಿಯಬೇಡಿ'. ಬಾಗಿಲಿಗೆ ಬೀಗ ಹಾಕಿ ಅದರ ಮೇಲೊಂದು ಬುದ್ಧಿವಾದವನ್ನೂ ಅಂಟಿಸಿದಂತೆ! ಹವ್ಯಾಸಿಗಳು ಆ ಚಿಪ್ಪಿನ ವೇಷ ಹಾಕುವ 'ಫೇಕ್‌ಎಸ್‌ಎಂಸಿ'ಯನ್ನೂ ಯಂತ್ರ ಹೊತ್ತಿಕೊಳ್ಳುವಾಗಲೇ ನಡುವೆ ನಿಂತು ಮಾತಾಡುವ ಕ್ಲೋವರ್, ಓಪನ್‌ಕೋರ್ ಮೊದಲಾದ ಬೂಟ್‌ಲೋಡರುಗಳನ್ನೂ ಬರೆದರು. ಅಷ್ಟಾದರೂ ಧ್ವನಿ ಬಂದರೆ ವೈಫೈ ಇಲ್ಲ, ವೈಫೈ ಬಂದರೆ ನಿದ್ರೆಗೆ ಹೋದ ಯಂತ್ರ ಏಳುವುದಿಲ್ಲ. ನನ್ನದು ಮೂರು ಭಾನುವಾರ ನುಂಗಿತು. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಕೇಳಬೇಕಾದ್ದು ಬೆಲೆಯನ್ನಲ್ಲ, ವಂಶವನ್ನು: 2018ರ ಮೊಹಾವಿಯ ನಂತರ ಎನ್‌ವಿಡಿಯಾದ ಹೊಸ ಕಾರ್ಡುಗಳಿಗೆ ಚಾಲಕ ತಂತ್ರಾಂಶವೇ ಬರಲಿಲ್ಲ.

ಇಷ್ಟು ಪಾಡು ಏತಕ್ಕೆ? ಫೈನಲ್ ಕಟ್ ಪ್ರೊ ಆಗ ಓಡುತ್ತಿದ್ದುದು ಮ್ಯಾಕ್‌ನಲ್ಲಿ ಮಾತ್ರ. ಸಂಕಲನದ ಕೆಲಸ ಕಲಿತು ಬದುಕಬೇಕೆಂದು ಅಂಧೇರಿಗೆ ಬಂದ ಹುಡುಗನಿಗೆ ಅಸಲಿ ಯಂತ್ರ ಎಟುಕುತ್ತಿರಲಿಲ್ಲ. ಕನ್ನಡಿಗನಿಗೆ ಇನ್ನೊಂದು ಪೇಚಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲೇ 'ತುಂಗಾ' ಎಂಬ ಕನ್ನಡ ಲಿಪಿಯನ್ನು ಹೊತ್ತು ಬಂದಿತ್ತು; ಮ್ಯಾಕ್ ತನ್ನ ಕನ್ನಡ ಲಿಪಿಗಳನ್ನು ಕೊಟ್ಟದ್ದು 2011ರ 'ಲಯನ್' ಆವೃತ್ತಿಯಲ್ಲಿ. ನುಡಿ, ಬರಹಗಳೆರಡೂ ವಿಂಡೋಸಿನವು. ಆದ್ದರಿಂದ ಸಂಘದ ಸ್ಮರಣ ಸಂಚಿಕೆಯ ಪುಟ ಕಟ್ಟಲು ವಿಂಡೋಸ್, ಹೊಟ್ಟೆಪಾಡಿಗೆ ಮ್ಯಾಕ್ ಎಂದು ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ ನಡೆಯುತ್ತಿತ್ತು.

ಕಾನೂನು ಇವರ ಪರ ಇರಲಿಲ್ಲ. ಆಪಲ್‌ನ ಪರವಾನಗಿ ತನ್ನ ಮುದ್ರೆಯಿರುವ ಯಂತ್ರದಲ್ಲಷ್ಟೇ ಸ್ಥಾಪನೆಗೆ ಒಪ್ಪುತ್ತದೆ. ಇಂಥ ಯಂತ್ರಗಳನ್ನೇ ಮಾರತೊಡಗಿದ ಫ್ಲಾರಿಡಾದ ಸೈಸ್ಟಾರ್ ಕಂಪನಿಯ ಮೇಲೆ ಆಪಲ್ 2008ರಲ್ಲಿ ಮೊಕದ್ದಮೆ ಹೂಡಿ ಮರುವರ್ಷ ಗೆದ್ದಿತು. ಮಾರಾಟದ ವಿಷಯದಲ್ಲಿ ತೀರ್ಪು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಹಣ ಕೊಟ್ಟು ಡಿಸ್ಕ್ ಕೊಂಡವನು ತನ್ನ ಮನೆಯ ಪೆಟ್ಟಿಗೆಯಲ್ಲಿ ಅದನ್ನು ಹಾಕಿಕೊಂಡರೆ ಕಳ್ಳನೆನ್ನಲು ನನಗೆ ಮನಸ್ಸು ಬಾರದು. ಕರಾರು ಮುರಿದವನು ಎನ್ನಬಹುದು, ಅಷ್ಟೆ.

ಕೊನೆಗೆ ಬಾಗಿಲು ಮುಚ್ಚಿದ್ದು ನ್ಯಾಯಾಲಯವಲ್ಲ, ಚಿಪ್ಪು. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಅನ್ನು ಹೊರತಂದಿತು. 2025ರ 'ಟಾಹೋ' ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿಯೆಂದು ಪ್ರಕಟವಾಯಿತು. ಈ ನಡುವೆ 2023ರ ಏಪ್ರಿಲ್ 18ರಂದು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಟಿಮ್ ಕುಕ್ ಸ್ವತಃ ನಿಂತು ಭಾರತದ ಮೊದಲ ಆಪಲ್ ಮಳಿಗೆಯ ಬಾಗಿಲು ತೆರೆದರು. ಡೊಂಬಿವಲಿಯ ಸ್ನೇಹಿತರೊಬ್ಬರ ಮನೆಯಲ್ಲಿ ಹಳೆಯ ಕರಿ ಕ್ಯಾಬಿನೆಟ್ ಈಗಲೂ ಮೇಜಿನ ಕೆಳಗಿದೆ. ಅದರ ಅಪ್‌ಡೇಟ್ ಗುಂಡಿಯನ್ನು ಮನೆಯವರು ಯಾರೂ ಮುಟ್ಟುವಂತಿಲ್ಲ.