‘ಸ್ಕಾರ್ಲೆಟ್ ಲೆಟರ್’ ಕಾದಂಬರಿಯ ಕಾಲಗಣನೆ: ಆನರ್ಸ್ ತರಗತಿಯ ಪಾಠಕ್ಕೊಂದು ಟಿಪ್ಪಣಿ

1. ವ್ಯಾಪ್ತಿ

ನಥಾನಿಯಲ್ ಹಾಥಾರ್ನ್‌ನ ‘ದಿ ಸ್ಕಾರ್ಲೆಟ್ ಲೆಟರ್’ 1850ರ ಮಾರ್ಚ್ 16ರಂದು ಬಾಸ್ಟನ್ನಿನ ಟಿಕ್ನರ್, ರೀಡ್ ಅಂಡ್ ಫೀಲ್ಡ್ಸ್ ಪ್ರಕಾಶನದಿಂದ ಹೊರಬಂತು. ಅಮೆರಿಕದ ಪ್ರೌಢಶಾಲೆಗಳಲ್ಲಿ ಇದನ್ನು ಹೆಚ್ಚಾಗಿ ಹನ್ನೊಂದನೇ ತರಗತಿಯ ಅಮೆರಿಕನ್ ಸಾಹಿತ್ಯದ ಪಾಠದಲ್ಲಿ, ವಿಶೇಷವಾಗಿ ಆನರ್ಸ್ ವಿಭಾಗದಲ್ಲಿ, ಓದಿಸುತ್ತಾರೆ. ವಯಸ್ಸಿನ ಲೆಕ್ಕದಲ್ಲಿ ಅದು ನಮ್ಮ ಪ್ರಥಮ ಪಿಯುಸಿಗೆ ಸಮ. 2010ರ ಕಾಮನ್ ಕೋರ್ ಮಾನದಂಡಗಳ ಅನುಬಂಧ ‘ಬಿ’ಯಲ್ಲಿ ಈ ಹಂತಕ್ಕೆ ಕೊಟ್ಟ ಮಾದರಿ ಕೃತಿಗಳಲ್ಲಿ ಇದೂ ಒಂದು. ಕಥೆ ನಡೆಯುವ ಕಾಲವನ್ನು ಕಾದಂಬರಿಯಿಂದಲೇ ಎಷ್ಟರಮಟ್ಟಿಗೆ ನಿರ್ಧರಿಸಬಹುದು, ಅಲ್ಲಿ ಸಿಗುವ ಅಸಂಗತಿಗಳನ್ನು ತರಗತಿಯಲ್ಲಿ ಯಾವ ಕ್ರಮದಲ್ಲಿ ಇಡಬಹುದು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಪಾಪ, ಪಶ್ಚಾತ್ತಾಪ, ಸಂಕೇತಗಳ ಚರ್ಚೆ ಬೇಕಾದಷ್ಟು ನಡೆದಿದೆ. ಇಲ್ಲಿ ಅದನ್ನು ಮುಟ್ಟಿಲ್ಲ.

ಪರಿಭಾಷೆಯ ಬಗ್ಗೆ ಒಂದು ಮಾತು. ಮುಖಪುಟದಲ್ಲಿ ಕೃತಿಯನ್ನು ‘ರೊಮಾನ್ಸ್’ ಎಂದು ಕರೆಯಲಾಗಿದೆ. ಇದು ಪ್ರೇಮಕಥೆ ಎಂಬ ಅರ್ಥದ ಮಾತಲ್ಲ. ವಾಸ್ತವದ ವಿವರಗಳಿಗೆ ಕಾದಂಬರಿಗಿಂತ ಸಡಿಲವಾಗಿ ಬದ್ಧವಾದ ಕಥನ ಎಂಬುದು ಹಾಥಾರ್ನ್‌ನ ಬಳಕೆ. ಆದ್ದರಿಂದ ‘ಐತಿಹಾಸಿಕ ಕಾದಂಬರಿ’ ಎಂಬ ಹಣೆಪಟ್ಟಿ ಇಲ್ಲಿ ಅನುಕೂಲಕ್ಕಾಗಿ ಮಾತ್ರ.

2. ಮೂರು ಗಡಿಯಾರಗಳು

ಪಾಠದ ಕೈಪಿಡಿಗಳಲ್ಲಿ ಕಥೆಯ ಕಾಲ ‘1642–49’ ಎಂದು ಕಾಣುವುದುಂಟು. ಆದರೆ ಕಥಾನಾಯಕಿ ಹೆಸ್ಟರ್ ಪ್ರಿನ್ ವ್ಯಭಿಚಾರಕ್ಕಾಗಿ ಶಿಕ್ಷೆಯ ಕಟ್ಟೆ ಹತ್ತಿದ ವರ್ಷ ಯಾವುದೆಂದು ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ. 1642 ಎಂಬುದು ಅನುಮಾನಪ್ರಮಾಣದಿಂದ ಸಿಕ್ಕ ವರ್ಷ.

ಅದರ ಲೆಕ್ಕ ಹೀಗಿದೆ. ಹನ್ನೆರಡನೇ ಅಧ್ಯಾಯದ ರಾತ್ರಿ ಗವರ್ನರ್ ಜಾನ್ ವಿಂತ್ರಾಪ್ ತೀರಿಕೊಳ್ಳುತ್ತಾನೆ. ವಿಂತ್ರಾಪ್ ಸತ್ತದ್ದು 1649ರಲ್ಲಿ, ಇದರಲ್ಲಿ ವಿವಾದವಿಲ್ಲ. ಮುಂದಿನ ಅಧ್ಯಾಯದಲ್ಲಿ ಹೆಸ್ಟರಳ ಮಗಳು ಪರ್ಲ್‌ಗೆ ಏಳು ವರ್ಷ. ಮೊದಲ ದೃಶ್ಯ ಜೂನ್ ತಿಂಗಳ ಬೆಳಗ್ಗೆ. ಆಗ ಅವಳು ಸುಮಾರು ಮೂರು ತಿಂಗಳ ಕೂಸು. ಹಾಗಾದರೆ ಅವಳು ಹುಟ್ಟಿದ್ದು 1642ರ ಮಾರ್ಚ್‌ನ ಆಸುಪಾಸು, ಕಟ್ಟೆಯ ದೃಶ್ಯ 1642ರ ಜೂನ್. ಇದು ಮೊದಲ ಗಡಿಯಾರ.

ಎರಡನೆಯದು ಇದಕ್ಕೆ ಒಪ್ಪುವುದಿಲ್ಲ. ಕಟ್ಟೆಯ ಮೇಲುಗಡೆಯ ಮೊಗಸಾಲೆಯಲ್ಲಿ ಗವರ್ನರನಾಗಿ ಕುಳಿತವನು ರಿಚರ್ಡ್ ಬೆಲಿಂಗ್‌ಹ್ಯಾಮ್. ಅವನ ಮೊದಲ ಅಧಿಕಾರಾವಧಿ 1641ರ ಜೂನ್‌ನಿಂದ 1642ರ ಮೇವರೆಗೆ. 1642ರ ಜೂನ್‌ನಲ್ಲಿ ಗವರ್ನರ್ ಆಗಿದ್ದವನು ಇದೇ ವಿಂತ್ರಾಪ್. ಅಂತರ ಹೆಚ್ಚೆಂದರೆ ಆರು ವಾರ. ದೃಶ್ಯವನ್ನು 1641ರ ಜೂನ್‌ಗೆ ಹಿಂದೆ ಸರಿಸಿದರೆ ಬೆಲಿಂಗ್‌ಹ್ಯಾಮನ ಕುರ್ಚಿ ಉಳಿಯುತ್ತದೆ. ಆದರೆ 1649ರ ಮೇನಲ್ಲಿ ಪರ್ಲ್‌ಗೆ ಎಂಟು ತುಂಬಿರುತ್ತದೆ. ಏಳು ವರ್ಷ ಮತ್ತು ಗವರ್ನರ್, ಇವೆರಡರಲ್ಲಿ ಒಂದನ್ನು ಬಿಡಲೇಬೇಕು.

ಮೂರನೆಯದನ್ನು ಗಮನಿಸುವವರು ಕಡಿಮೆ. ಮೊದಲ ಅಧ್ಯಾಯದಲ್ಲಿ ಸೆರೆಮನೆಯ ಮರ ಮಳೆಗಾಳಿಗೆ ಕಪ್ಪಿಟ್ಟಿದೆ. ಊರು ನೆಲೆಗೊಂಡು ಹದಿನೈದೋ ಇಪ್ಪತ್ತೋ ವರ್ಷವಾಗಿತ್ತು ಎನ್ನುತ್ತಾನೆ ನಿರೂಪಕ. ಬಾಸ್ಟನ್ ನೆಲೆಗೊಂಡದ್ದು 1630ರಲ್ಲಿ. ಈ ಲೆಕ್ಕಕ್ಕೆ ಬರುವುದು 1645ರಿಂದ 1650. ನಿರೂಪಕನ ಮಾತೇ ಅಂದಾಜಿನದು, ಹಾಗಾಗಿ ಇದಕ್ಕೆ ಹೆಚ್ಚು ತೂಕ ಕೊಡುವಂತಿಲ್ಲ. ಆದರೂ 1642ಕ್ಕೆ ಹನ್ನೆರಡೇ ವರ್ಷ. ‘ಹದಿನೈದು’ ಎಂಬ ಕೆಳಮಿತಿಯನ್ನೂ ಅದು ಮುಟ್ಟುವುದಿಲ್ಲ.

3. ವಿಂತ್ರಾಪ್‌ನ ಮರಣದ ದಿನ

ವಿಂತ್ರಾಪ್ ತೀರಿಕೊಂಡದ್ದು 1649ರ ಮಾರ್ಚ್ 26. ಇದು ಅಂದಿನ ಇಂಗ್ಲಿಷ್ ವಸಾಹತುಗಳ ಜೂಲಿಯನ್ ಪಂಚಾಂಗದ ದಿನಾಂಕ. ಆ ಪದ್ಧತಿಯಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ರಂದು. ಅಂದರೆ ಅವನು ಸತ್ತದ್ದು 1649ರ ಎರಡನೆಯ ದಿನ. ಎರಡು ದಿನ ಮೊದಲೇ ಸತ್ತಿದ್ದರೆ ದಾಖಲೆಯಲ್ಲಿ 1648 ಎಂದಿರುತ್ತಿತ್ತು. (ವಿದ್ಯಾರ್ಥಿಗಳಿಗೆ ಹಳೆಯ ದಿನಾಂಕಗಳ ಎಚ್ಚರ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.) ಇಂದಿನ ಪಂಚಾಂಗಕ್ಕೆ ತಿರುಗಿಸಿದರೆ ಅದು ಏಪ್ರಿಲ್ 5.

ಕಾದಂಬರಿಯಲ್ಲಿ ಆ ರಾತ್ರಿ ಮೇ ತಿಂಗಳ ಆರಂಭದ್ದು. ಪಂಚಾಂಗದ ವ್ಯತ್ಯಾಸ ಹತ್ತೇ ದಿನ. ಅದರಿಂದ ಈ ಐದು ವಾರಗಳ ಅಂತರ ತುಂಬುವುದಿಲ್ಲ. ಸಂಭವನೀಯ ಕಾರಣ ಕಥೆಯ ಕೊನೆಯಲ್ಲಿದೆ. ಪಾದ್ರಿ ಡಿಮ್ಸ್‌ಡೇಲ್ ತನ್ನ ಕೊನೆಯ ಪ್ರವಚನ ಮಾಡುವುದು ಹೊಸ ಗವರ್ನರ್ ಅಧಿಕಾರಕ್ಕೆ ಬರುವ ಚುನಾವಣೆಯ ದಿನ, ಅದು ಬೀಳುವುದು ಮೇನಲ್ಲಿ. 1649ರಲ್ಲಿ ಜಾನ್ ಎಂಡಿಕಾಟ್ ಆಯ್ಕೆಯಾದದ್ದು ಮೇ 2, ಬುಧವಾರ. ವಿಂತ್ರಾಪ್ ಸತ್ತ 37ನೆಯ ದಿನ. ಸಾವಿನ ರಾತ್ರಿ ಮತ್ತು ಚುನಾವಣೆಯ ದಿನ, ಅಂದರೆ ಕಟ್ಟೆಯ ಎರಡನೆಯ ಮತ್ತು ಮೂರನೆಯ ದೃಶ್ಯ, ಒತ್ತೊತ್ತಾಗಿ ಬರಬೇಕೆಂಬುದು ಕಥೆಯ ಅಗತ್ಯವಾಗಿತ್ತೆಂದು ಊಹಿಸಬಹುದು. ಆದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ. ಆ ರಾತ್ರಿಯ ನಂತರ ಹೆಸ್ಟರ್ ಮತ್ತು ಡಿಮ್ಸ್‌ಡೇಲ್‌ರ ಕಾಡಿನ ಭೇಟಿಗೆ ಕೆಲವು ದಿನ, ಭೇಟಿಯಿಂದ ಪ್ರವಚನಕ್ಕೆ ಮತ್ತೆ ಮೂರು ದಿನ ಬೇಕು. ಮೇ 1ರ ರಾತ್ರಿಯಿಂದಲೇ ಎಣಿಸಿದರೂ ಪ್ರವಚನ ಮೇ 2ಕ್ಕೆ ಬಾರದು. ಹೊಸ ಗವರ್ನರನ ಹೆಸರನ್ನು ಕಾದಂಬರಿ ಹೇಳದಿರುವುದನ್ನು ಇಲ್ಲಿ ಗುರುತಿಸಬೇಕು. ಅದು ಉದ್ದೇಶಪೂರ್ವಕವೇ ಎಂಬುದಕ್ಕೆ ಆಧಾರ ಸಾಲದು.

ಹಾಥಾರ್ನ್‌ಗೆ ಇತಿಹಾಸ ಗೊತ್ತಿರಲಿಲ್ಲ ಎನ್ನುವುದು ಕಷ್ಟ. ಬಾಸ್ಟನ್ನಿನ ಸ್ಥಳವಿವರಗಳಿಗೆ ಅವನು ಕೇಲಬ್ ಸ್ನೋನ 1825ರ ಬಾಸ್ಟನ್ ಇತಿಹಾಸವನ್ನು ಹತ್ತಿರದಿಂದ ಅನುಸರಿಸಿದ್ದನ್ನು ಚಾರ್ಲ್ಸ್ ರಿಸ್ಕ್ಯಾಂಪ್ 1959ರ ಲೇಖನದಲ್ಲಿ ತೋರಿಸಿದ್ದಾರೆ.

4. ಅಕ್ಷರದ ಅಳತೆ

‘ಕಸ್ಟಮ್ ಹೌಸ್’ ಎಂಬ ಪ್ರಸ್ತಾವನೆಯಲ್ಲಿ ನಿರೂಪಕನಿಗೆ ಸುಂಕದ ಕಟ್ಟೆಯ ಮೇಲ್ಮಹಡಿಯಲ್ಲಿ ಹಳೆಯ ಕಾಗದಗಳ ನಡುವೆ ಮಾಸಿದ ಕೆಂಪು ಬಟ್ಟೆಯ ತುಣುಕು ಸಿಗುತ್ತದೆ. ಅದರ ಮೇಲೆ ಚಿನ್ನದ ದಾರದ ಕಸೂತಿಯ ಗುರುತು. ಅವನು ಅದನ್ನು ಅಳೆಯುತ್ತಾನೆ: ಹೆಸ್ಟರ್ ಶಿಕ್ಷೆಯಾಗಿ ಧರಿಸಿದ್ದ ‘ಎ’ ಅಕ್ಷರದ ಪ್ರತಿ ಕಾಲು ಸರಿಯಾಗಿ ಮೂರೂಕಾಲು ಅಂಗುಲ.

ಇದನ್ನು ಹೋಲಿಸಬಹುದಾದ ದಾಖಲೆಗಳು ಎರಡು. ಪ್ಲಿಮತ್ ವಸಾಹತಿನ 1658ರ ಕಾನೂನಿನಲ್ಲಿ ವ್ಯಭಿಚಾರಕ್ಕೆ ‘ಎ’, ‘ಡಿ’ ಎಂಬ ಎರಡು ಅಕ್ಷರ. ಮ್ಯಾಸಚೂಸೆಟ್ಸ್‌ನ 1694ರ ಕಾನೂನಿನಲ್ಲಿ ‘ಎ’ ಒಂದೇ. ಉದ್ದ ಎರಡು ಅಂಗುಲ, ಬಣ್ಣ ಉಡುಪಿನ ಬಣ್ಣಕ್ಕೆ ವಿರುದ್ಧವಾಗಿರಬೇಕು, ಹೊಲಿಯಬೇಕಾದದ್ದು ತೋಳಿನ ಮೇಲೆ ಅಥವಾ ಬೆನ್ನಿನ ಮೇಲೆ. ಕಾದಂಬರಿಯಲ್ಲಿ ಅದು ಎದೆಯ ಮೇಲಿದೆ. ಎರಡು ಕಾನೂನುಗಳೂ ಕಥೆಯ ಕಾಲಕ್ಕಿಂತ ಈಚಿನವು. 1642ರ ಮ್ಯಾಸಚೂಸೆಟ್ಸ್‌ನಲ್ಲಿ ಈ ಅಪರಾಧಕ್ಕಿದ್ದದ್ದು ಮರಣದಂಡನೆ; 1644ರಲ್ಲಿ ಮೇರಿ ಲೇತಮ್ ಮತ್ತು ಜೇಮ್ಸ್ ಬ್ರಿಟನ್ ಅದಕ್ಕೆ ಗುರಿಯಾದರು. ಮರಣದಂಡನೆಯ ಪ್ರಸ್ತಾಪ ಕಾದಂಬರಿಯಲ್ಲೂ ಬರುತ್ತದೆ: ಗಂಡ ಬಹುಶಃ ಸಮುದ್ರದ ಪಾಲಾಗಿರಬೇಕೆಂದು ನ್ಯಾಯಾಧಿಕಾರಿಗಳು ಕರುಣೆ ತೋರಿದರೆಂಬ ವಿವರಣೆ ಅಲ್ಲಿದೆ.

ತರಗತಿಯಲ್ಲಿ ಈ ಎರಡು ಅಳತೆಗಳ ಕಾಗದದ ಅಕ್ಷರ ಕತ್ತರಿಸಿ ಪಕ್ಕಪಕ್ಕ ಇಡುವುದು ಉಪಯುಕ್ತ. ಆದರೆ ಎರಡೂ ಅಳತೆ ಒಂದೇ ಬಗೆಯವಲ್ಲ. ಕಾನೂನಿನ ‘ಉದ್ದ’ ಅಕ್ಷರದ ಎತ್ತರವಿರಬೇಕು. ಹಾಥಾರ್ನ್ ಅಳೆದದ್ದು ಓರೆಯಾದ ಕಾಲನ್ನು. ಕಾಲುಗಳ ನಡುವೆ 40 ಡಿಗ್ರಿ ಕೋನವಿದೆ ಎಂದಿಟ್ಟುಕೊಂಡರೆ ಎತ್ತರ ಸುಮಾರು 3.05 ಅಂಗುಲ, ಅಂದರೆ ಕಾನೂನಿನ ಅಕ್ಷರದ ಒಂದೂವರೆ ಪಟ್ಟು. ಕೋನ ನಮ್ಮ ಊಹೆ, ಕಾದಂಬರಿಯದಲ್ಲ ಎಂಬುದನ್ನು ಬೋರ್ಡಿನ ಮೇಲೆಯೇ ಬರೆಯಬೇಕು.

5. ಚಿಕ್ಕ ಅಸಂಗತಿಗಳು

(ಅ) ಸೆರೆಮನೆ ಬಾಗಿಲ ಗುಲಾಬಿ ಗಿಡ ಆ್ಯನ್ ಹಚಿನ್ಸನ್ ಒಳಹೋಗುವಾಗ ಅವಳ ಹೆಜ್ಜೆಯಡಿ ಚಿಗುರಿತೆಂಬ ಪ್ರತೀತಿ ಕಾದಂಬರಿಯಲ್ಲಿದೆ. 1637ರ ನವೆಂಬರ್ ವಿಚಾರಣೆಯ ನಂತರ ಅವಳನ್ನಿಟ್ಟದ್ದು ಬಾಸ್ಟನ್ನಿನ ಸೆರೆಮನೆಯಲ್ಲಲ್ಲ, ರಾಕ್ಸ್‌ಬರಿಯ ಜೋಸೆಫ್ ವೆಲ್ಡ್‌ನ ಮನೆಯಲ್ಲಿ.

(ಆ) ಮಿಸ್ಟ್ರೆಸ್ ಹಿಬಿನ್ಸ್ ಬೆಲಿಂಗ್‌ಹ್ಯಾಮನ ಸೋದರಿ ಎಂಬ ಕಾದಂಬರಿಯ ಮಾತಿಗೆ ಸಮಕಾಲೀನ ಆಧಾರ ಗಟ್ಟಿಯಿಲ್ಲ. 1656ರಲ್ಲಿ ಅವಳನ್ನು ಮಾಟಗಾತಿಯೆಂದು ಗಲ್ಲಿಗೇರಿಸಿದ್ದು ನಿಜ.

6. ಪಾಠಕ್ರಮ

ಮೊದಲ ದಿನವೇ ‘1642–49’ ಎಂದು ಬರೆದುಕೊಡುವುದು ಸರಿಯಲ್ಲವೆಂದು ಈ ಟಿಪ್ಪಣಿಯ ಅಭಿಪ್ರಾಯ. ಹದಿಮೂರನೇ ಅಧ್ಯಾಯ ಮುಗಿದ ಮೇಲೆ ಜೂನ್, ಮೂರು ತಿಂಗಳು, ಏಳು ವರ್ಷ, ವಿಂತ್ರಾಪ್ ಎಂಬ ನಾಲ್ಕು ಸುಳಿವು ಕೊಟ್ಟರೆ ವಿದ್ಯಾರ್ಥಿಗಳು 1642ಕ್ಕೆ ತಾವೇ ತಲುಪುತ್ತಾರೆ. ಗವರ್ನರುಗಳ ಪಟ್ಟಿಯನ್ನು ಕೊಡಬೇಕಾದದ್ದು ಅದಾದ ಮೇಲೆ. ಕ್ರಮ ಅದಲುಬದಲಾದರೆ ಲೇಖಕನ ‘ತಪ್ಪು’ ಹುಡುಕುವ ಆಟವಾಗಿಬಿಡುವ ಸಾಧ್ಯತೆ ಇದೆ.

ಉದ್ದವೆಂದು ‘ಕಸ್ಟಮ್ ಹೌಸ್’ ಅನ್ನು ಬಿಟ್ಟುಬಿಡುವ ರೂಢಿ ಸಾಕಷ್ಟಿದೆ. ಬಟ್ಟೆ ಸಿಕ್ಕ ಭಾಗವನ್ನಾದರೂ ಉಳಿಸಿಕೊಳ್ಳಬೇಕು. ತನ್ನ ಮೂಲ ಯಾವುದೆಂದು ಕಾದಂಬರಿ ತಾನೇ ಹೇಳಿಕೊಳ್ಳುವುದು ಅಲ್ಲಿ. ಕಾಗದಗಳು ಸೇಲಂ ಬಂದರಿನ ಹಿಂದಿನ ಸರ್ವೇಯರ್ ಜೊನಾಥನ್ ಪ್ಯೂನವು ಎನ್ನುತ್ತಾನೆ ನಿರೂಪಕ. ಪ್ಯೂ ಕಲ್ಪಿತನಲ್ಲ; 1760ರಲ್ಲಿ ಸತ್ತವನು. ಆ ಸಾವು ಸುಮಾರು ಎಂಬತ್ತು ವರ್ಷದ ಹಿಂದಿನದೆಂದು ನಿರೂಪಕನ ಲೆಕ್ಕ. ಹಾಥಾರ್ನ್ ಅದೇ ಹುದ್ದೆಯಲ್ಲಿದ್ದದ್ದು 1846ರಿಂದ 1849ರವರೆಗೆ. ಕಳೆದು ನೋಡಿದರೆ ಬರುವುದು 86ರಿಂದ 89.