ಯಂತ್ರವೂ ಶಾಬ್ದಬೋಧವೂ

ಬೆಂಗಳೂರಿನ ಮಲ್ಲೇಶ್ವರಂ ಬಡಾವಣೆಯು 1898ನೆಯ ಇಸವಿಯ ಪ್ಲೇಗಿನ ತರುವಾಯ ಜನವಸತಿಯಿಂದ ತುಂಬಿತೆಂಬುದು ಸರ್ವವಿದಿತವಾದ ಸಂಗತಿ. ಆದರೆ ಆ ಸ್ಥಳದ ಹೆಸರು ಬಡಾವಣೆಗಿಂತ ಎರಡು ಶತಮಾನಗಳಿಗೂ ಮಿಕ್ಕು ಹಳೆಯದು. ಕಾಡುಮಲ್ಲೇಶ್ವರನ ಗುಡಿಗೆ ಸಂಬಂಧಪಟ್ಟ 1669ನೆಯ ಇಸವಿಯ ಶಾಸನವೊಂದರಲ್ಲಿ, ಷಹಜಿಯ ಮಗನೂ ಶಿವಾಜಿಯ ಮಲಸೋದರನೂ ಆದ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟ ವಿಷಯವು ಉಕ್ತವಾಗಿದೆ. ಕನ್ನಡ ಬಲ್ಲವನು ಇದನ್ನು ಒಮ್ಮೆ ಓದಿದ ಮಾತ್ರಕ್ಕೆ ಕೊಟ್ಟವನಾರು, ಪಡೆದವನಾರು, ಕೊಟ್ಟದ್ದೇನು ಎಂಬುದನ್ನು ತಿಳಿಯುತ್ತಾನೆ. ಇದೇ ಸಂಗತಿಯನ್ನು ಗಣಕಯಂತ್ರಕ್ಕೆ ತಿಳಿಯಪಡಿಸುವುದು ಹೇಗೆಂಬುದೇ ಈ ಲೇಖನದ ವಿಚಾರ.

ಯಂತ್ರದ ಓದಿಗೆ ಮೂರು ಮೆಟ್ಟಿಲುಗಳುಂಟು. ಮೊದಲನೆಯದು ಚಿತ್ರ. ಹಳೆಯ ಪುಸ್ತಕದ ಪುಟವನ್ನು ಪ್ರತಿಬಿಂಬ ತೆಗೆದು ಅಂತರ್ಜಾಲದಲ್ಲಿಟ್ಟರೆ ಮನುಷ್ಯನು ಓದಿಕೊಳ್ಳಬಹುದು. ಯಂತ್ರದ ಪಾಲಿಗಾದರೋ ಅದು ಕಪ್ಪು ಬಿಳುಪಿನ ಚುಕ್ಕೆಗಳ ರಾಶಿ ಮಾತ್ರ. ಎರಡನೆಯದು ಅಕ್ಷರ. ಹಿಂದೆ ಕನ್ನಡದ ತಂತ್ರಾಂಶಗಳಲ್ಲಿ ಅನೇಕವು ರೋಮನ್ ಲಿಪಿಯ ಸಂಖ್ಯಾಸಂಕೇತಗಳ ಮೇಲೆಯೇ ಕನ್ನಡದ ಅಚ್ಚುಗಳನ್ನು ಕೂಡಿಸಿದ್ದುವು. ತೆರೆಯ ಮೇಲೆ 'ಅ' ಎಂದು ಕಂಡರೂ ಒಳಗೆ ಇದ್ದುದು ಬೇರೊಂದು ಲಿಪಿಯ ಸಂಕೇತ. ಅಚ್ಚು ಬದಲಾದೊಡನೆ ಬರಹವೆಲ್ಲ ಅರ್ಥಹೀನವಾಗುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತದಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನವು ದೊರೆಯಿತು. ಅದು ಬಳಕೆಗೆ ಬಂದಂತೆಲ್ಲ ಈ ತೊಡಕು ಕ್ರಮೇಣ ಪರಿಹಾರವಾಯಿತು. ಮೂರನೆಯದು ಅರ್ಥ. ಅಕ್ಷರಗಳು ಸರಿಯಾಗಿದ್ದರೂ ಏಕೋಜಿಯು ಮನುಷ್ಯನೋ ಊರೋ ಎಂಬುದನ್ನು ಅಕ್ಷರಗಳೇ ಹೇಳವು.

ವರ್ಲ್ಡ್ ವೈಡ್ ವೆಬ್ ಎಂಬ ವಿಶ್ವವ್ಯಾಪಿ ಜಾಲದ ನಿರ್ಮಾತೃವಾದ ಟಿಮ್ ಬರ್ನರ್ಸ್-ಲೀ ಎಂಬುವರು ಈ ಮೂರನೆಯ ಮೆಟ್ಟಿಲನ್ನೇ ಕುರಿತು 2001ರಲ್ಲಿ ಇಬ್ಬರು ಸಹಲೇಖಕರೊಡನೆ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಮುಂಚೆಯೇ, 1999ರಲ್ಲಿ, ಆರ್.ಡಿ.ಎಫ್. ಎಂಬ ನಿರೂಪಣಾಕ್ರಮವು ಅಂಗೀಕೃತವಾಗಿತ್ತು. ಅದರ ಸಾರವಿಷ್ಟು: ಪ್ರತಿಯೊಂದು ಸಂಗತಿಯನ್ನೂ ಎರಡು ಪದಾರ್ಥಗಳು, ಅವುಗಳ ನಡುವಣ ಒಂದು ಸಂಬಂಧ, ಹೀಗೆ ಮೂರು ಅಂಗಗಳುಳ್ಳ ವಾಕ್ಯವಾಗಿ ಒಡೆದಿಡಬೇಕು, ಪ್ರತಿ ಪದಾರ್ಥಕ್ಕೂ ಬೇರೊಂದಕ್ಕೆ ಸಲ್ಲದ ಸಂಜ್ಞೆಯೊಂದನ್ನು ಕೊಡಬೇಕು. ತರ್ಕಶಾಸ್ತ್ರದ ಅನುಯೋಗಿ, ಪ್ರತಿಯೋಗಿ, ಸಂಬಂಧಗಳನ್ನು ಬಲ್ಲವರಿಗೆ ಈ ಮಾರ್ಗವು ತೀರ ಅಪರಿಚಿತವೆಂದು ತೋರದು.

ಈ ಸಾದೃಶ್ಯವನ್ನು ಪಾಶ್ಚಾತ್ಯ ವಿದ್ವಾಂಸರೊಬ್ಬರು ಮೊದಲೇ ಕಂಡಿದ್ದರು. 1985ರಲ್ಲಿ ರಿಕ್ ಬ್ರಿಗ್ಸ್ ಎಂಬುವರು 'ಎ.ಐ. ಮ್ಯಾಗಜೀನ್' ಪತ್ರಿಕೆಯಲ್ಲಿ, ವೈಯಾಕರಣರು ವಾಕ್ಯಾರ್ಥವನ್ನು ಬಿಡಿಸಿಡುವ ರೀತಿಯೂ ಗಣಕಶಾಸ್ತ್ರಜ್ಞರು ಜ್ಞಾನವನ್ನು ಜಾಲರೂಪದಲ್ಲಿ ನಿರೂಪಿಸುವ ರೀತಿಯೂ ಬಹಳಮಟ್ಟಿಗೆ ಒಂದೇ ಎಂದು ಪ್ರತಿಪಾದಿಸಿದರು. ಮರುವರ್ಷವೇ, 1986ರ ಡಿಸೆಂಬರಿನಲ್ಲಿ, ಈ ವಿಷಯವನ್ನು ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನವು ಬೆಂಗಳೂರಿನಲ್ಲಿಯೇ ನೆರೆಯಿತು. ಶಾಸ್ತ್ರವನ್ನು ಬಲ್ಲವರಿಗೂ ಯಂತ್ರವನ್ನು ಬಲ್ಲವರಿಗೂ ಅದು ಸಮಾನಭೂಮಿಯಾಯಿತು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ಬ್ರಿಗ್ಸ್ ಅವರು ಅಮೆರಿಕದ ನಾಸಾ ಸಂಸ್ಥೆಯ ಸಂಶೋಧನ ಕೇಂದ್ರವೊಂದರಲ್ಲಿದ್ದರು. ಅಷ್ಟರಿಂದಲೇ 'ಗಣಕಯಂತ್ರಕ್ಕೆ ಸಂಸ್ಕೃತವೇ ಸರ್ವೋತ್ತಮ ಭಾಷೆಯೆಂದು ನಾಸಾ ಸಾರಿದೆ' ಎಂಬ ಮಾತು ಹುಟ್ಟಿ, ಸಭೆಗಳಲ್ಲಿಯೂ ಭಾಷಣಗಳಲ್ಲಿಯೂ ಹಬ್ಬಿತು. ಮೂಲಲೇಖನದಲ್ಲಿ ಹೇಳಿರುವುದು ಅದಲ್ಲ. ಸಹಜಭಾಷೆಯೊಂದರಲ್ಲಿಯೂ ಸಂದಿಗ್ಧತೆಯಿಲ್ಲದೆ ಅರ್ಥವನ್ನು ನಿರೂಪಿಸುವ ಪದ್ಧತಿಯು ಭಾರತದಲ್ಲಿ ಬಹುಕಾಲದ ಹಿಂದೆಯೇ ಸಿದ್ಧವಾಗಿತ್ತೆಂಬುದಷ್ಟೇ ಅದರ ತಾತ್ಪರ್ಯ. ಹೊಗಳಿಕೆಯು ಪದ್ಧತಿಗೆ ಸಂದದ್ದು. ಪದ್ಧತಿಯನ್ನು ಕಲಿಯದೆ ಹೊಗಳಿಕೆಯನ್ನು ಮಾತ್ರ ಹೊತ್ತು ತಿರುಗುವುದರಿಂದ ಸಂಸ್ಕೃತಕ್ಕೂ ಲಾಭವಿಲ್ಲ, ಗಣಕಕ್ಕೂ ಲಾಭವಿಲ್ಲ.

ಪದ್ಧತಿಯ ಪ್ರಯೋಜನವನ್ನು ಮಲ್ಲೇಶ್ವರದ ಶಾಸನದಲ್ಲಿಯೇ ನೋಡಬಹುದು. ಮೂರು ಅಂಗಗಳ ವಾಕ್ಯದಲ್ಲಿ 'ಏಕೋಜಿ, ಕೊಟ್ಟನು, ಹಳ್ಳಿ' ಎಂದು ಬರೆದರೆ ದೇವರಿಗೆ ಎಡೆಯೇ ಇಲ್ಲ. 'ಏಕೋಜಿ, ಕೊಟ್ಟನು, ದೇವರಿಗೆ' ಎಂದರೆ ಹಳ್ಳಿಗೆ ಎಡೆಯಿಲ್ಲ. ಎರಡನ್ನೂ ಬೇರೆಬೇರೆಯಾಗಿ ಬರೆದರೆ, ಆ ದೇವರಿಗೆ ಸಂದದ್ದು ಆ ಹಳ್ಳಿಯೇ ಎಂಬುದು ಸಿದ್ಧವಾಗದು. ಆದಕಾರಣ ದಾನವೆಂಬ ಕ್ರಿಯೆಯನ್ನೇ ಒಂದು ಪದಾರ್ಥವೆಂದು ಎಣಿಸಿ, ಅದಕ್ಕೊಂದು ಸಂಜ್ಞೆಯನ್ನಿತ್ತು, ಉಳಿದವುಗಳನ್ನು ಅದಕ್ಕೆ ಜೋಡಿಸಬೇಕಾಗುತ್ತದೆ: ಆ ದಾನಕ್ಕೆ ಕರ್ತೃ ಏಕೋಜಿ, ಕರ್ಮ ಮೇದರನಿಂಗನಹಳ್ಳಿ, ಸಂಪ್ರದಾನ ಮಲ್ಲಿಕಾರ್ಜುನ, ಕಾಲ 1669. ಜಾಲನಿರೂಪಕರು ಈ ಉಪಾಯಕ್ಕೆ ತಮ್ಮದೇ ದಾರಿಯಿಂದ ಬಂದರು. ಪಾಣಿನಿಯ ಆರು ಕಾರಕಗಳಾದರೋ ಕ್ರಿಯೆಯೊಡನೆ ಇರುವ ಸಂಬಂಧಗಳೇ ಆಗಿವೆ. ವಾಕ್ಯಾರ್ಥದಲ್ಲಿ ಧಾತ್ವರ್ಥವೇ ಮುಖ್ಯವೆಂಬುದು ವೈಯಾಕರಣರ ಸಿದ್ಧಾಂತ. ಪ್ರಥಮಾಂತಪದದ ಅರ್ಥವೇ ಮುಖ್ಯವೆಂದು ನೈಯಾಯಿಕರು ವಾದಿಸಿದರು. ಈ ವಾದವು ಬರಿಯ ಶುಷ್ಕಚರ್ಚೆಯಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಸಂಜ್ಞೆಯ ಪ್ರಯೋಜನವೂ ಅಲ್ಪವಲ್ಲ. ಏಕೋಜಿಯನ್ನೇ ವೆಂಕೋಜಿಯೆಂದೂ ಬರೆಯುವರು. ಮಲ್ಲಪುರವೇ ಮಲ್ಲೇಶ್ವರಂ ಆಯಿತು. ಹೆಸರು ಬೇರೆಯಾದಾಗ ಯಂತ್ರವು ವ್ಯಕ್ತಿಯೂ ಬೇರೆಯೆಂದು ಎಣಿಸುತ್ತದೆ. ಹೆಸರು ಒಂದಾದಾಗ ಇಬ್ಬರನ್ನು ಒಬ್ಬರೆನ್ನುತ್ತದೆ. 2012ರಲ್ಲಿ ಆರಂಭವಾದ ವಿಕಿಡೇಟಾ ಎಂಬ ಸಾರ್ವಜನಿಕ ಕೋಶದಲ್ಲಿ ಬೆಂಗಳೂರಿಗೆ 'ಕ್ಯೂ 1355' ಎಂಬ ಸಂಜ್ಞೆಯುಂಟು. ಯಾವ ಭಾಷೆಯಲ್ಲಿ ಯಾವ ಹೆಸರಿನಿಂದ ಕರೆದರೂ ಸಂಜ್ಞೆಯೊಂದೇ. ಏಕೋಜಿಗೂ ಇಂತಹ ಸಂಜ್ಞೆಯೊಂದನ್ನು ಕೂಡಿಸಿದರೆ, ಮಲ್ಲೇಶ್ವರದ ದತ್ತಿಯನ್ನು ಬಿಟ್ಟವನೇ ಮುಂದೆ ತಂಜಾವೂರಿನಲ್ಲಿ ಮರಾಠರ ಆಳ್ವಿಕೆಯನ್ನು ನೆಲೆಗೊಳಿಸಿದನೆಂಬ ಸಂಬಂಧವು ತಾನಾಗಿಯೇ ಗೋಚರವಾಗುತ್ತದೆ.

ಈಚಿನ ಯಂತ್ರಗಳು ಅಪಾರವಾದ ಬರಹವನ್ನು ನುಂಗಿ ತಾವೇ ಉತ್ತರಗಳನ್ನು ಹೇಳಬಲ್ಲುವಾದುದರಿಂದ ಇಷ್ಟೆಲ್ಲ ಶ್ರಮವೇಕೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಆ ಉತ್ತರವು ಬಹುಮಟ್ಟಿಗೆ ಸಂಭಾವನೆಯೇ ಹೊರತು ಪ್ರಮಾಣವಲ್ಲ. ಹೆಚ್ಚು ಬರಹವಿರುವ ಭಾಷೆಗಳಲ್ಲಿ ಸಂಭಾವನೆಯು ಅನೇಕವೇಳೆ ಸರಿಹೋಗುತ್ತದೆ. ಜಾಲದಲ್ಲಿ ಕಡಮೆ ಬರಹವಿರುವ ಕನ್ನಡದಲ್ಲಿ, ಅದರಲ್ಲಿಯೂ ಹಳ್ಳಿಯೊಂದರ ದತ್ತಿಯ ವಿಷಯದಲ್ಲಿ, ಅದು ತಪ್ಪುವುದೇ ಸುಲಭ. ತಪ್ಪನ್ನೂ ಯಂತ್ರವು ನಿಸ್ಸಂದೇಹವಾದ ಧಾಟಿಯಲ್ಲಿಯೇ ನುಡಿಯುವುದರಿಂದ ಓದುವವನಿಗೆ ಅದು ತಿಳಿಯುವುದೂ ಇಲ್ಲ.

ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಅಂದಿನಿಂದೀಚೆಗೆ ನಗರವು ಬೆಳೆದಂತೆಲ್ಲ ಎಷ್ಟೋ ಕಲ್ಲುಗಳು ರಸ್ತೆಗೂ ಕಟ್ಟಡಕ್ಕೂ ಆಹುತಿಯಾದುವು. ಈಚೆಗೆ ಮಿಥಿಕ್ ಸೊಸೈಟಿಯವರು ಉಳಿದ ಶಾಸನಗಳ ಮೂರು ಆಯಾಮದ ಪ್ರತಿಬಿಂಬಗಳನ್ನು ತೆಗೆಯಿಸುತ್ತಿರುವುದು ಸ್ತುತ್ಯವಾದ ಕಾರ್ಯ. ಅದರಿಂದ ಕಲ್ಲಿನ ಆಕಾರವು ಉಳಿಯಿತು. ಕಲ್ಲಿನ ಅರ್ಥವನ್ನು ಯಂತ್ರಕ್ಕೂ ತಿಳಿಯುವಂತೆ ವಾಕ್ಯವಾಕ್ಯವಾಗಿ ಒಡೆದು ಬರೆಯುವ ಕೆಲಸವು ಬಹಳ ಉಳಿದಿದೆ. ಹಳಗನ್ನಡವನ್ನೂ ಕಾರಕವನ್ನೂ ಬಲ್ಲವರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಗಣಕವನ್ನು ಬಲ್ಲ ತರುಣರು ಮನೆಮನೆಯಲ್ಲಿಯೂ ಇದ್ದಾರೆ. ಊರೂರಿನ ಸಂಘಗಳು ಈ ಇಬ್ಬರನ್ನೂ ವಾರಕ್ಕೊಂದು ಸಲ ಒಂದೆಡೆ ಕೂಡಿಸಿ, ತಮ್ಮ ತಮ್ಮ ಊರಿನ ಒಂದೊಂದು ಶಾಸನದಿಂದ ಆರಂಭಿಸಿದರೂ ಸಾಕು. ಮೊದಲನೆಯವರು ಇನ್ನೂ ಇರುವಾಗಲೇ ಆರಂಭಿಸುವುದು ಮುಖ್ಯ.