ಕುಂಕಳ್ಳಿಯ ಎರಡು ಶೋಕಗಳು

ಕಾರವಾರದಿಂದ ಮಡಗಾಂವಿಗೆ ಹೊರಟ ಪ್ರಯಾಣಿಕನು ದಾರಿಯಲ್ಲಿ ಕುಂಕಳ್ಳಿಯನ್ನು ಹಾದುಹೋಗುತ್ತಾನೆ. ತೆಂಗು, ಗದ್ದೆ, ಅಂಗಡಿಸಾಲು. ತುಸು ದೂರದಲ್ಲಿ ಅಸೋಳಣೆಯ ಹೊಳೆ, ಅದರಾಚೆಗೆ ಕಡಲು. ಇಂದು ಪಟ್ಟಣವೆನಿಸಿಕೊಂಡ ಈ ಊರು ನಾಲ್ಕು ಶತಮಾನಗಳ ಹಿಂದೆ ಕಡಲ ಮಗ್ಗುಲಿನ ಹಳ್ಳಿ. ಅಲ್ಲಿ 1583ರಲ್ಲಿ ನಡೆದುದನ್ನು ನೆನೆದರೆ ಈ ನೋಟದ ಪ್ರಶಾಂತತೆ ಬೇರೆಯೇ ಆಗಿ ಕಾಣುತ್ತದೆ.

ವಿಜಾಪುರದ ಆದಿಲಶಾಹನು ಸಾಷ್ಟಿ ಪ್ರಾಂತವನ್ನು ಪೋರ್ತುಗೀಸರಿಗೆ ಬಿಟ್ಟುಕೊಟ್ಟುದು 1543ರಲ್ಲಿ. ಊರಿನ ಜನರನ್ನು ಯಾರು ಕೇಳಿದ್ದರು? ಕುಂಕಳ್ಳಿಯಲ್ಲಿ ಹನ್ನೆರಡು ಮನೆತನಗಳ ಗಾಂವಕಾರರು ಕೂಡಿ ಭೂಮಿಯನ್ನೂ ದೇವಾಲಯವನ್ನೂ ನೋಡಿಕೊಳ್ಳುತ್ತಿದ್ದರು. 1567ರಲ್ಲಿ ಸಾಷ್ಟಿಯ ದೇವಾಲಯಗಳು ನೆಲಸಮವಾದುವು. ಕುಂಕಳ್ಳಿಯವರು ಮಣಿಯಲಿಲ್ಲ, ಕಂದಾಯ ಕೊಡಲು ಒಪ್ಪಲಿಲ್ಲ, ಕೆಡವಿದ ಗುಡಿಯನ್ನು ಮತ್ತೆ ಎತ್ತಿದರು. ಅವರನ್ನು ದಂಡಿಸಲು ಸೇನೆ ಬಂದಿತು, ಊರು ಸುಟ್ಟಿತು, ಗುಡಿ ಮತ್ತೆ ಬಿದ್ದಿತು. ಜೊತೆಯಲ್ಲಿ ಬಂದ ಪಾದ್ರಿಯೊಬ್ಬನು ದೇವಿಯೆಂದು ಪೂಜೆಗೊಳ್ಳುತ್ತಿದ್ದ ಹುತ್ತದ ಮೇಲೆ ಗೋವನ್ನು ಕೊಂದನೆಂಬುದು ಜನರ ಮನಸ್ಸಿನಲ್ಲಿ ಮಾಯದ ಗಾಯವಾಗಿ ಉಳಿಯಿತು.

ಇಂಥ ಊರಿಗೆ 1583ರ ಜುಲೈ 15ರಂದು ಐವರು ಜೆಸುಯಿಟರು ಬಂದರು. ಶಿಲುಬೆ ನೆಟ್ಟು, ಇಗರ್ಜಿಗೆ ಸ್ಥಳ ಗೊತ್ತುಮಾಡುವುದು ಅವರ ಉದ್ದೇಶ. ಮುಖಂಡ ರೊಡೊಲ್ಫೊ ಅಕ್ವಾವಿವ, ಇಟಲಿಯ ದೊಡ್ಡ ಮನೆತನದವನು. ಅಕ್ಬರನ ಆಸ್ಥಾನದಲ್ಲಿ ಮೂರು ವರ್ಷ ಧರ್ಮಚರ್ಚೆ ನಡೆಸಿ ಆ ವರ್ಷವಷ್ಟೇ ಗೋವೆಗೆ ಮರಳಿದ್ದನು. ವಯಸ್ಸು ಮೂವತ್ತೆರಡು. ಊರವರು ಆಯುಧ ಹಿಡಿದು ಮೇಲೆ ಬಿದ್ದಾಗ ಜೊತೆಗಿದ್ದ ಪೋರ್ತುಗೀಸನೊಬ್ಬನು ಬಂದೂಕು ಎತ್ತಿದನಂತೆ; ತಾವು ಕಾದಲು ಬಂದವರಲ್ಲವೆಂದು ಪಾಶೆಕೊ ಎಂಬ ಪಾದ್ರಿ ಅವನನ್ನು ತಡೆದನೆಂದು ಕ್ರೈಸ್ತ ವೃತ್ತಾಂತಗಳು ಹೇಳುತ್ತವೆ. ಐವರೂ ಹತರಾದರು, ದೇಹಗಳನ್ನು ಬಾವಿಗೆ ಎಸೆಯಲಾಯಿತು.

ಅಂದು ಸತ್ತವರು ಅವರಷ್ಟೇ ಅಲ್ಲ. ಆ ಪೋರ್ತುಗೀಸನೂ ಹಲವು ಮಂದಿ ದೇಶೀಯ ಕ್ರೈಸ್ತರೂ ಸತ್ತರು. ಅವರಲ್ಲಿ ಡೊಮಿಂಗೊಸ್ ಎಂಬ ಬಾಲಕ ಕುಂಕಳ್ಳಿಯವನೇ. ರಾಚೋಲದಲ್ಲಿ ಓದುತ್ತಿದ್ದ ಅವನು ಮೊದಲು ಪಾದ್ರಿಗಳೊಡನೆ ಬಂದು ಊರಿನ ಗುಡಿಗಳು ಎಲ್ಲೆಲ್ಲಿವೆಯೆಂದು ತೋರಿಸಿಕೊಟ್ಟಿದ್ದನು. ಅವನನ್ನು ಕೊಂದವನು ಸ್ವಂತ ಚಿಕ್ಕಪ್ಪನೆಂದು ಅದೇ ವೃತ್ತಾಂತಗಳು ಹೇಳುತ್ತವೆ. ಊರಿನ ಕಣ್ಣಿಗೆ ಹುಡುಗ ದ್ರೋಹಿ. ಹುಡುಗನ ಕಣ್ಣಿಗೆ ಚಿಕ್ಕಪ್ಪ ಏನಾಗಿ ಕಂಡಿರಬೇಕು? ಅರಸರ ಜಗಳ ಒಂದು ಮನೆಯ ಅಂಗಳಕ್ಕೆ ಇಳಿದಾಗ ಹೀಗೇ ಆಗುತ್ತದೆ.

ಮುಂದಿನದು ಇನ್ನೊಂದು ಬಗೆಯ ದ್ರೋಹ. ಮಾತುಕತೆಗೆಂದು ಗಾಂವಕಾರರಿಗೆ ಅಸೋಳಣೆಯ ಕೋಟೆಯಿಂದ ಕರೆ ಬಂದಿತು. ಮಾತನ್ನು ನಂಬಿ ಹದಿನಾರು ಮಂದಿ ಹೋದರೆಂದು ಊರಿನ ಪರಂಪರೆ ಹೇಳುತ್ತದೆ. ಒಳಗೆ ಕಾದಿದ್ದುದು ಸಂಧಿಯಲ್ಲ, ಕತ್ತಿ. ಹದಿನೈದು ಮಂದಿ ಅಲ್ಲಿಯೇ ಬಿದ್ದರು. ಒಬ್ಬನು ಮಾತ್ರ ಹೊಳೆಗೆ ಹಾರಿ, ಈಸಿ, ಕಾರವಾರದ ಕಡೆ ತಪ್ಪಿಸಿಕೊಂಡನಂತೆ. ಕುಂಕಳ್ಳಿಯ ಕಥೆ ನಮ್ಮ ಕರಾವಳಿಯನ್ನು ಮುಟ್ಟುವುದು ಆ ಒಬ್ಬ ಓಡಿಬಂದವನ ಮೂಲಕ.

ಊರಿನ ಭೂಮಿ ಮುಟ್ಟುಗೋಲಾಯಿತು. ದೇವಿ ಶಾಂತಾದುರ್ಗೆ ಪೋರ್ತುಗೀಸರ ಗಡಿಯಾಚೆಯ ಫಾತರ್ಪೆಗೆ ಹೋದಳು. ಇಂದಿಗೂ ಆಕೆ ಅಲ್ಲಿಯೇ ನೆಲೆಸಿದ್ದಾಳೆ, ಕುಂಕಳ್ಳಿಕಾರಿಣಿ ಎಂಬ ಹೆಸರಿನಿಂದ. ವರ್ಷಕ್ಕೊಮ್ಮೆ ಛತ್ರೋತ್ಸವದಲ್ಲಿ, ಹನ್ನೆರಡು ಮನೆತನಗಳ ಹನ್ನೆರಡು ಛತ್ರಿಗಳೊಡನೆ, ತವರಿಗೆ ಬಂದು ಹೋಗುತ್ತಾಳೆ.

ಐವರು ಜೆಸುಯಿಟರನ್ನು 1893ರಲ್ಲಿ ರೋಮಿನ ಪೋಪರು ಪುಣ್ಯಪುರುಷರೆಂದು ಘೋಷಿಸಿದರು. ಆ ಪಟ್ಟಿಯಲ್ಲಿ ಬಾಲಕ ಡೊಮಿಂಗೊಸನ ಹೆಸರಿಲ್ಲ. ಗಾಂವಕಾರರಿಗೆ ಕುಂಕಳ್ಳಿಯಲ್ಲಿ ಸ್ಮಾರಕವಾದುದು 2003ರಲ್ಲಿ, ನಾಲ್ಕು ಶತಮಾನಗಳು ಕಳೆದ ಮೇಲೆ. ಬರೆಯಬಲ್ಲವರ ಶೋಕ ಗ್ರಂಥವಾಯಿತು. ಬರೆಯಲು ಯಾರೂ ಉಳಿಯದವರ ಶೋಕ ಉತ್ಸವದಲ್ಲಿಯೂ ಅಜ್ಜಿಯರ ಬಾಯಿಮಾತಿನಲ್ಲಿಯೂ ಬದುಕಿತು.

ನಿರಾಯುಧ ಅತಿಥಿಯನ್ನು ಕೊಂದುದು ತಪ್ಪು. ಅಭಯ ಕೊಟ್ಟು ಕರೆದು ಕೊಂದುದೂ ತಪ್ಪು. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವ ಬರೆವಣಿಗೆ ಇತಿಹಾಸವಲ್ಲ, ವಕಾಲತ್ತು. ಕುಂಕಳ್ಳಿಯಲ್ಲಿ ಇಂದು ಹಿಂದುಗಳೂ ಕ್ರೈಸ್ತರೂ ನೆರೆಹೊರೆಯಲ್ಲಿದ್ದಾರೆ. ಅನೇಕರ ಮೂಲಪುರುಷರು ಒಂದೇ ಊರಕೂಟದಲ್ಲಿ ಕುಳಿತವರು. ಎರಡು ಶೋಕಗಳೂ ಅವರಿಬ್ಬರ ಆಸ್ತಿ.